ಎಸ್ಟೇಟ್ ಸೀಸನ್: ಜೀಪು ಹತ್ತುವ ಮೊದಲು ಕೇಳಬೇಕಾದ ಮಾತು

ಅಡಿಕೆ ಸುಲಿತ ಒಂದು ಹದಕ್ಕೆ ಬರುವಷ್ಟರಲ್ಲಿ ಗಿರಿಯ ಮೇಲೆ ಕಾಫಿ ಹಣ್ಣಾಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಕೂಲಿ ಮನೆಗಳಲ್ಲಿ ವರ್ಷದ ಲೆಕ್ಕ ನಡೆಯುವುದು ಕ್ಯಾಲೆಂಡರ್ ನೋಡಿ ಅಲ್ಲ, ಈ ಎರಡು ಬೆಳೆ ನೋಡಿ. ಮಳೆ ಹಿಂದೆ ಸರಿಯುವಾಗ ಅಡಿಕೆ ಕೊನೆ ಇಳಿಸುವ ಕೆಲಸ ಸಿಕ್ಕರೆ ಅಂಗಡಿಯ ಬಾಕಿ ತೀರುತ್ತದೆ. ನವೆಂಬರ್ ನಂತರ ಎಸ್ಟೇಟಿನಲ್ಲಿ ಮೂರು ತಿಂಗಳು ಕೆಲಸ ಸಿಕ್ಕರೆ ಮಗಳ ಮದುವೆಗೋ ಮನೆಯ ಹೆಂಚಿಗೋ ಒಂದಿಷ್ಟು ಕೂಡುತ್ತದೆ. ಕೂಡಬೇಕು. ಹಾಗೆ ಅಂದುಕೊಂಡೇ ಹೋಗುತ್ತಾರೆ. ಆದರೆ ಮಾರ್ಚಿನಲ್ಲಿ ವಾಪಸ್ ಬಂದ ಎಷ್ಟೋ ಮನೆಗಳಲ್ಲಿ ಕೈಗೆ ಉಳಿದದ್ದು ಏನೂ ಇರುವುದಿಲ್ಲ. ಇದು ಯಾಕೆ ಹೀಗೆ ಎಂದು ಒಮ್ಮೆ ಕೂತು ಲೆಕ್ಕ ಹಾಕೋಣ ಎಂಬುದೇ ಈ ಬರಹ.

ಮದ್ರಸದಲ್ಲಿ ಪಾಠ ಮಾಡುವವನಿಗೆ ಇದರಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ನಮ್ಮ ಕಡೆ ಯಾವ ಕಾಗದ ಕೈಗೆ ಬಂದರೂ ಅದನ್ನು ಓದಿಸಿಕೊಳ್ಳಲು ಮೊದಲು ಬರುವುದು ಉಸ್ತಾದರ ಹತ್ತಿರ. ಬ್ಯಾಂಕಿನ ನೋಟಿಸ್, ರೇಷನ್ ಕಾರ್ಡಿನ ತಕರಾರು, ಪಾಸ್‌ಪೋರ್ಟ್ ಅರ್ಜಿ, ಎಲ್ಲ ಬರುತ್ತದೆ. ಎಸ್ಟೇಟಿಗೆ ಹೋಗುವವರು ಮಾತ್ರ ಕಾಗದ ತರುವುದಿಲ್ಲ, ಯಾಕೆಂದರೆ ಅವರ ಹತ್ತಿರ ಕಾಗದವೇ ಇರುವುದಿಲ್ಲ. ಮೇಸ್ತ್ರಿಯ ಬಾಯಿಮಾತು, ಕೈಗೆ ಕೊಟ್ಟ ಅಡ್ವಾನ್ಸ್, ಬೆಳಗ್ಗೆ ಐದಕ್ಕೆ ಬರುವ ಜೀಪು, ಅಷ್ಟೇ.

ಸೀಸನ್ ಕೆಲಸ ನಮಗೆ ಹೊಸದೇನಲ್ಲ. ಕರಾವಳಿಯ ನಮ್ಮ ನೆಂಟರು ಇಂದಿಗೂ ಇದನ್ನು ‘ಘಟ್ಟ ಹತ್ತುವುದು’ ಎನ್ನುತ್ತಾರೆ. ನಮ್ಮ ಹಿರಿಯರಲ್ಲಿ ಹಲವರು ಈ ಸೀಮೆಗೆ ಬಂದದ್ದೇ ಒಣಮೀನು, ಅಡಿಕೆ, ಕಾಳುಮೆಣಸಿನ ವ್ಯಾಪಾರದ ಹಿಂದೆ. ಕಾಫಿಯ ಕಥೆಯೂ ನಮ್ಮ ಕಣ್ಣೆದುರಿನ ಬೆಟ್ಟದಿಂದಲೇ ಶುರು: ಬಾಬಾ ಬುಡನ್ ಅವರು ಯೆಮೆನ್‌ನ ಮೋಕಾದಿಂದ ಏಳು ಬೀಜ ತಂದು ಇಲ್ಲಿ ನೆಟ್ಟರು ಎಂಬುದು ನಾಡಿಗೆ ನಾಡೇ ಹೇಳುವ ಮಾತು. ಬ್ರಿಟಿಷರ ಕಾಲದಲ್ಲಿ ತೋಟಗಳು ದೊಡ್ಡದಾದವು. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಇಷ್ಟೆಲ್ಲ ಬದಲಾದರೂ ಗಿಡದಿಂದ ಹಣ್ಣು ಕೀಳುವುದು ಮಾತ್ರ ಇವತ್ತಿಗೂ ಕೈಯಿಂದಲೇ. ಅದಕ್ಕೇ ಪ್ರತಿ ವರ್ಷ ಉತ್ತರ ಕರ್ನಾಟಕದಿಂದ, ಅಸ್ಸಾಂನಿಂದ ಕೂಡ ಜನ ಬರುತ್ತಾರೆ. ನಾವೋ, ಬಸ್ಸಿಗೆ ಒಂದು ಗಂಟೆಯ ದಾರಿಯಲ್ಲಿ ಇದ್ದೇವೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಿಂದ ರೈಲೂ ಇದೆ. ಹತ್ತಿರ ಇದ್ದವರಿಗೆ ಒಂದು ಅನುಕೂಲವಿದೆ, ಅದನ್ನು ನಮ್ಮವರು ಬಳಸಿಕೊಳ್ಳುವುದು ಕಡಿಮೆ. ಅದು ಏನೆಂದು ಮುಂದೆ ಹೇಳುತ್ತೇನೆ.

ಮೊದಲು ಕೆಲಸಗಳ ವಿಷಯ. ತರೀಕೆರೆ, ಅಜ್ಜಂಪುರ ಕಡೆ ಅಡಿಕೆ ಸೀಸನ್ ಆಗಸ್ಟ್ ಹೊತ್ತಿಗೆ ಶುರುವಾಗಿ ಹೊಸ ವರ್ಷದವರೆಗೂ ಎಳೆಯುತ್ತದೆ. ತೋಟದವರು ತಾವೇ ಕೊಯ್ಯಿಸುವುದಿದೆ, ಚೇಣಿ ಹಿಡಿದವರು ಕೊಯ್ಯಿಸುವುದೂ ಇದೆ. ಕೊನೆಗಾರನ ಕೂಲಿ ಬೇರೆ, ಸುಲಿಯುವವರದ್ದು ಬೇರೆ, ಚೊಗರಿನಲ್ಲಿ ಬೇಯಿಸಿ ಅಂಗಳದಲ್ಲಿ ಹರಡುವವರದ್ದು ಬೇರೆ. ಸುಲಿಯುವುದು ಹೆಚ್ಚಾಗಿ ಹೆಂಗಸರ ಕೆಲಸವಾಗಿತ್ತು. ಈಗ ಸುಲಿಯುವ ಯಂತ್ರ ಬಂದ ಮೇಲೆ ಅವರ ಕೈಗೆ ಬರುವ ಕೆಲಸ ಕುಗ್ಗಿದೆ. ಮರ ಹತ್ತುವವರು ಮಾತ್ರ ಎಲ್ಲಿಯೂ ಸಾಕಷ್ಟು ಸಿಗುತ್ತಿಲ್ಲ. ನೆಲದ ಮೇಲೆ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಅದನ್ನು ಹಿಡಿಯಲು ಕಲಿತ ಹುಡುಗನಿಗೆ ಕೆಲಸ ಹುಡುಕುವ ಅಗತ್ಯವಿಲ್ಲ, ಕೆಲಸವೇ ಅವನನ್ನು ಹುಡುಕಿಕೊಂಡು ಬರುತ್ತದೆ. ಕಡೂರು ಕಡೆ ತೆಂಗಿನ ಮರ ಹತ್ತುವವರಿಗೂ ಇದೇ ಮಾತು. ಅವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯೂ ಇದೆ.

ಕಾಫಿಗೆ ಬರೋಣ. ಅರೇಬಿಕಾ ನವೆಂಬರಿನಿಂದ ಹಣ್ಣಾಗುತ್ತದೆ, ರೋಬಸ್ಟಾ ಹೊಸ ವರ್ಷದ ಆಸುಪಾಸಿನಲ್ಲಿ ಶುರುವಾಗಿ ಫೆಬ್ರವರಿ ದಾಟುತ್ತದೆ. ಎಲ್ಲ ಹಣ್ಣು ಒಂದೇ ಸಲ ಕೆಂಪಾಗುವುದಿಲ್ಲ. ಮೊದಲ ಸುತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಆರಿಸುವುದಕ್ಕೆ ‘ಫ್ಲೈ ಪಿಕಿಂಗ್’ ಎನ್ನುತ್ತಾರೆ. ಆಗ ಇಡೀ ದಿನ ಓಡಾಡಿದರೂ ಚೀಲ ತುಂಬುವುದಿಲ್ಲ. ಮಧ್ಯದ ಸುತ್ತಿನಲ್ಲಿ ಗಿಡ ತುಂಬ ಹಣ್ಣು. ಕೊನೆಯ ಸುತ್ತಿನಲ್ಲಿ ಉಳಿದದ್ದನ್ನೆಲ್ಲ ಉದುರಿಸುವುದು, ನೆಲಕ್ಕೆ ಬಿದ್ದದ್ದನ್ನು ಆರಿಸುವುದು. ಈ ವ್ಯತ್ಯಾಸ ತಿಳಿಯದೆ ಕೂಲಿ ಒಪ್ಪಿಕೊಂಡರೆ ಮೋಸ ಹೋಗುವುದು ಖಂಡಿತ. ಕಿಲೋ ಲೆಕ್ಕದ ಕೂಲಿ ಗಿಡ ತುಂಬ ಹಣ್ಣಿದ್ದಾಗ ಲಾಭ, ಹಣ್ಣು ಕಡಿಮೆ ಇರುವ ಸುತ್ತಿನಲ್ಲಿ ನಷ್ಟ. ಆ ದಿನಗಳಿಗೆ ದಿನಗೂಲಿ ಕೊಡುತ್ತೀರಾ ಎಂದು ಮೊದಲೇ ಕೇಳಬೇಕು. ಒಳ್ಳೆಯ ಎಸ್ಟೇಟಿನವರು ಇದನ್ನು ತಪ್ಪು ತಿಳಿಯುವುದಿಲ್ಲ.

ಜನವರಿಯ ನಂತರ ಕಾಳುಮೆಣಸಿನ ಕೊಯ್ಲು. ಕೂಲಿ ಜಾಸ್ತಿ, ಹುಡುಗರು ಆಸೆಪಡುತ್ತಾರೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎತ್ತರದ ಸಿಲ್ವರ್ ಮರಕ್ಕೆ ಅಲ್ಯೂಮಿನಿಯಂ ಏಣಿ ಒರಗಿಸುವಾಗ ಅದು ಕರೆಂಟಿನ ತಂತಿಗೆ ತಾಗಿ ಸತ್ತವರ ಸುದ್ದಿ ಚಿಕ್ಕಮಗಳೂರು, ಕೊಡಗಿನಿಂದ ಆಗಾಗ ಬರುತ್ತಲೇ ಇರುತ್ತದೆ. ತಂತಿ ಹಾದುಹೋಗುವ ಸಾಲಿನಲ್ಲಿ ಆ ಏಣಿ ಹಿಡಿಯುವುದಿಲ್ಲ ಎಂದು ಹೇಳಲು ನಮ್ಮ ಹುಡುಗರಿಗೆ ಧೈರ್ಯ ಬೇಕು. ಆನೆಯ ವಿಷಯವೂ ಹಾಗೆಯೇ. ಮೂಡಿಗೆರೆ, ಆಲ್ದೂರು ಕಡೆಯ ಕೆಲವು ತೋಟಗಳಲ್ಲಿ ಆನೆ ಓಡಾಡುತ್ತದೆ. ಬೆಳಗ್ಗೆ ಎಷ್ಟು ಹೊತ್ತಿಗೆ ತೋಟಕ್ಕೆ ಇಳಿಸುತ್ತಾರೆ, ಮುಂದೆ ಯಾರಾದರೂ ನೋಡಿ ಬರುತ್ತಾರಾ ಎಂದು ವಿಚಾರಿಸಬೇಕು. ಇನ್ನು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಕಂಡದ್ದು ಈಗ ಕೊಪ್ಪ, ನರಸಿಂಹರಾಜಪುರದ ಕಾಡಂಚಿನಲ್ಲೂ ಇದೆ. ಉಣ್ಣೆಯಿಂದ ಹರಡುವ ಈ ಜ್ವರ ಜೋರಾಗುವುದು ಸರಿಯಾಗಿ ಕಾಫಿ ಸೀಸನ್ನಿನಲ್ಲೇ. ಆಶಾ ಕಾರ್ಯಕರ್ತೆಯರು ಡೆಪಾ ಎಣ್ಣೆ ಕೊಡುತ್ತಾರೆ, ಅದನ್ನು ಕೇಳಿ ಪಡೆದು ಕೈಕಾಲಿಗೆ ಹಚ್ಚಿಕೊಂಡೇ ಕಾಡಂಚಿಗೆ ಇಳಿಯಬೇಕು.

ಕೆಮ್ಮಣ್ಣುಗುಂಡಿ, ಮುಳ್ಳಯ್ಯನಗಿರಿ ಸುತ್ತಿನ ಹೋಂಸ್ಟೇಗಳ ಕೆಲಸ ಈಚೆಗೆ ಸೇರಿಕೊಂಡದ್ದು. ಅಡುಗೆ, ರೂಮು ಕ್ಲೀನಿಂಗ್, ಜೀಪು ಡ್ರೈವಿಂಗ್. ದಸರಾ, ಡಿಸೆಂಬರಿನ ರಜೆ ಮತ್ತು ಶನಿವಾರ ಭಾನುವಾರ ಕೈತುಂಬ ಕೆಲಸ, ಉಳಿದ ದಿನ ಖಾಲಿ. ತಿಂಗಳ ಸಂಬಳವೋ ಬಂದ ದಿನಕ್ಕೆ ಮಾತ್ರ ಕೂಲಿಯೋ ಎಂಬುದೊಂದನ್ನು ಬಿಡಿಸಿ ಕೇಳಿದರೆ ಸಾಕು.

ಈಗ ಮುಖ್ಯವಾದ ವಿಷಯ. ಅಡ್ವಾನ್ಸ್.

ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ದುಡ್ಡಿಗೆ ಬರ. ಶಾಲೆಯ ಫೀಸು, ಆಸ್ಪತ್ರೆ, ಹಬ್ಬ, ಎಲ್ಲ ಒಟ್ಟಿಗೆ ಬರುತ್ತದೆ. ಆ ಹೊತ್ತಿಗೆ ಮೇಸ್ತ್ರಿ ಮನೆ ಬಾಗಿಲಿಗೆ ಬರುತ್ತಾನೆ. “ಸೀಸನ್ನಿಗೆ ಬನ್ನಿ, ಈಗ ಇದು ಇಟ್ಟುಕೊಳ್ಳಿ” ಎನ್ನುತ್ತಾನೆ. ಬಡ್ಡಿ ಇಲ್ಲ, ಸಹಿ ಇಲ್ಲ. ಉಪಕಾರದ ಹಾಗೇ ಕಾಣುತ್ತದೆ. ಲೆಕ್ಕಕ್ಕೆ ಅಂತ ಒಂದು ಉದಾಹರಣೆ ಹಿಡಿಯೋಣ. ಗಂಡ ಹೆಂಡತಿ ಇಬ್ಬರೂ ಸೇರಿ 40,000 ರೂಪಾಯಿ ಅಡ್ವಾನ್ಸ್ ಪಡೆದರು. ಇಬ್ಬರ ದುಡಿಮೆ ದಿನಕ್ಕೆ 900 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 24 ದಿನ ಕೆಲಸವಾದರೆ 21,600. ಅಕ್ಕಿ, ಮೀನು, ಎಣ್ಣೆ, ಮಕ್ಕಳ ಬಿಸ್ಕತ್ತು, ಮೊಬೈಲ್ ರೀಚಾರ್ಜ್ ಅಂತ ತಿಂಗಳಿಗೆ 6,000 ಖರ್ಚು. ಉಳಿಯುವುದು 15,600. ಮೂರು ತಿಂಗಳಿಗೆ 46,800. ಅದರಲ್ಲಿ ಅಡ್ವಾನ್ಸ್ 40,000 ಕಳೆದರೆ ಮಾರ್ಚಿನಲ್ಲಿ ಮನೆಗೆ ತರುವುದು 6,800 ರೂಪಾಯಿ. ಇದು ಒಂದು ದಿನವೂ ಜ್ವರ ಬಾರದ, ಒಂದು ದಿನವೂ ಮಳೆ ಬಾರದ ಲೆಕ್ಕ. 2021ರ ನವೆಂಬರಿನ ಮಳೆ ನೆನಪಿದೆಯಲ್ಲ, ಹಣ್ಣು ಗಿಡದಲ್ಲೇ ಕೊಳೆತು ಉದುರಿದ ವರ್ಷ? ಹಾಗೆ ಎಂಟು ದಿನ ಕೆಲಸ ನಿಂತರೆ 7,200 ಹೋಯಿತು. ಆಗ ಕೈಗೆ ಬರುವುದು ಹಾಗಿರಲಿ, 400 ರೂಪಾಯಿ ಇವರೇ ಮೇಸ್ತ್ರಿಗೆ ಬಾಕಿ. ಆ 400ಕ್ಕಾಗಿ ಮುಂದಿನ ಸೀಸನ್ನಿಗೂ ಅವನ ಜೊತೆಗೇ ಹೋಗಬೇಕು, ಅವನು ಹೇಳಿದ ಕೂಲಿಗೇ.

ದುಡ್ಡು ಎಲ್ಲಿಯೂ ಮಾಯವಾಗಿಲ್ಲ, ಜುಲೈಯಲ್ಲೇ ಖರ್ಚಾಗಿ ಹೋಗಿದೆ. ಅಡ್ವಾನ್ಸ್ ಎಂದರೆ ಮೊದಲೇ ತಿಂದ ಕೂಲಿ. ಅದು ಗೊತ್ತಿದ್ದು ಪಡೆದರೆ ತಪ್ಪೇನಿಲ್ಲ, ಬಡ್ಡಿಯ ಸಾಲಕ್ಕಿಂತ ಎಷ್ಟೋ ವಾಸಿ. ಕಷ್ಟ ಇರುವುದು ಆ ಅಡ್ವಾನ್ಸ್ ನಮ್ಮ ಬಾಯಿ ಕಟ್ಟುವುದರಲ್ಲಿ. ಪಕ್ಕದ ಎಸ್ಟೇಟಿನಲ್ಲಿ ಕಿಲೋಗೆ ಒಂದು ರೂಪಾಯಿ ಜಾಸ್ತಿ ಕೊಟ್ಟರೂ ಹೋಗುವಂತಿಲ್ಲ. ಸಂಜೆಯ ತೂಕದಲ್ಲಿ ಕಡಿಮೆ ಬಂತು ಅನಿಸಿದರೂ ಕೇಳುವಂತಿಲ್ಲ.

ಇದಕ್ಕೆ ಹಳೆಯ ಇತಿಹಾಸವಿದೆ. ಬ್ರಿಟಿಷರ ಕಾಲದಲ್ಲಿ 1859ರ ಒಂದು ಕಾಯ್ದೆ ಇತ್ತು. ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು, ಜೈಲಿಗೂ ಕಳಿಸಬಹುದಿತ್ತು. ತೋಟದ ಸಾಹೇಬರು ಅದನ್ನು ಚೆನ್ನಾಗಿಯೇ ಬಳಸಿಕೊಂಡರು. ಆ ಕಾಯ್ದೆ ಹೋಗಿ ನೂರು ವರ್ಷ ಆಗುತ್ತಾ ಬಂತು, ಅದರ ಹೆದರಿಕೆ ಮಾತ್ರ ನಮ್ಮ ಮನೆಗಳಲ್ಲಿ ಇನ್ನೂ ಕೂತಿದೆ. “ಅಡ್ವಾನ್ಸ್ ತೀರಿಸದೆ ಬಂದರೆ ಪೊಲೀಸ್ ಕೇಸ್ ಹಾಕುತ್ತಾರಂತೆ ಉಸ್ತಾದರೇ” ಎಂದು ಕೇಳಿದವರು ಒಬ್ಬಿಬ್ಬರಲ್ಲ. ಈಗಿನ ಕಾನೂನು ಇದಕ್ಕೆ ಸರಿಯಾಗಿ ಉಲ್ಟಾ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಡ್ವಾನ್ಸ್ ಕೊಟ್ಟಿದ್ದೇನೆ ಎಂಬ ಕಾರಣಕ್ಕೆ ಒಬ್ಬನನ್ನು ಕೆಲಸ ಬಿಡದಂತೆ, ಬೇರೆಡೆ ದುಡಿಯದಂತೆ ತಡೆದಿಟ್ಟರೆ ತಡೆದಿಟ್ಟವನೇ ಅಪರಾಧಿ. ದೂರು ಕೊಡಬೇಕಾದದ್ದು ತಹಶೀಲ್ದಾರರಿಗೆ, ಉಪವಿಭಾಗಾಧಿಕಾರಿಗೆ ಅಥವಾ ಜಿಲ್ಲಾಧಿಕಾರಿಗೆ. ಹಾಗಂತ ಅಡ್ವಾನ್ಸ್ ಪಡೆದು ಕೈ ಎತ್ತಿ ಎಂದು ನಾನು ಹೇಳುತ್ತಿಲ್ಲ. ಪಡೆದದ್ದು ಕೊಡಲೇಬೇಕು, ಅದು ಹಕ್ಕಿನ ದುಡ್ಡು. ಆದರೆ ಸಾಲ ಬೇರೆ, ಆಳನ್ನು ಕಟ್ಟಿ ಹಾಕುವುದು ಬೇರೆ.

ಹತ್ತಿರ ಇರುವವರ ಅನುಕೂಲ ಎಂದೆನಲ್ಲ, ಅದು ಇದೇ. ಅಸ್ಸಾಂನವನಿಗೆ ಎಸ್ಟೇಟ್ ನೋಡಿ ಬರಲು ಸಾಧ್ಯವಿಲ್ಲ, ನಮಗೆ ಸಾಧ್ಯ. ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಒಂದು ದಿನ ಮನೆಯ ಯಾರಾದರೂ ಒಬ್ಬರು ಹೋಗಿ ಬನ್ನಿ. ಎಸ್ಟೇಟಿನಲ್ಲಿ ಮೇಸ್ತ್ರಿಯ ಮೇಲೆ ರೈಟರ್ ಇರುತ್ತಾರೆ, ಲೆಕ್ಕದ ಪುಸ್ತಕ ಅವರ ಕೈಯಲ್ಲಿ. ಅವರ ಜೊತೆ ನೇರವಾಗಿ ಮಾತಾಡಿದರೆ ಮಧ್ಯದವರ ಕಮಿಷನ್ ಎಷ್ಟು ಎಂಬುದು ತಾನಾಗಿ ಗೊತ್ತಾಗುತ್ತದೆ. ಇರಲು ಕೊಡುವ ಲೈನ್ ಮನೆ ನೋಡಿ. ಬಾಗಿಲಿಗೆ ಚಿಲಕ ಇದೆಯಾ, ಹೆಂಗಸರಿಗೆ ಪಾಯಿಖಾನೆ ಇದೆಯಾ, ನೀರು ಎಷ್ಟು ದೂರ? ಹಳೆಯ ಆಳುಗಳು ಇದ್ದರೆ ಅವರ ಜೊತೆ ಒಂದು ಲೋಟ ಚಹಾ ಕುಡಿಯಿರಿ. ಹತ್ತು ನಿಮಿಷದಲ್ಲಿ ಎಲ್ಲ ಹೇಳುತ್ತಾರೆ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಟಿಕೆಟ್ ಕೂಡ ಇಲ್ಲ. ಮನೆಯ ಖರ್ಚುವೆಚ್ಚ ತಿಳಿದ ಉಮ್ಮಂದಿರೇ ಹೋಗಿ ನೋಡಿ ಬಂದರೆ ಇನ್ನೂ ಒಳ್ಳೆಯದು, ಗಂಡಸರು ಪಾಯಿಖಾನೆ ನೋಡುವುದಿಲ್ಲ.

ಒಪ್ಪಿಗೆಯಾದರೆ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಪಡೆದ ಅಡ್ವಾನ್ಸ್, ತಾರೀಖು. ಕಿಲೋಗೆ ಎಷ್ಟು, ಹಣ್ಣು ಕಡಿಮೆ ಇರುವಾಗ ದಿನಕ್ಕೆ ಎಷ್ಟು, ಮಳೆ ಬಂದು ಕೆಲಸ ನಿಂತ ದಿನಕ್ಕೆ ಏನಾದರೂ ಉಂಟೋ ಇಲ್ಲವೋ. ಚೀಲದ ತೂಕ ಎಂದು ಎಷ್ಟು ಕಳೆಯುತ್ತಾರೆ ಎಂಬುದನ್ನೂ ಬರೆಯಿರಿ, ದಿನಕ್ಕೆ ಒಂದು ಕಿಲೋ ಹೋದರೂ ಸೀಸನ್ ಮುಗಿಯುವಾಗ ಅದು ಮುಕ್ಕಾಲು ಕ್ವಿಂಟಾಲ್ ಹತ್ತಿರ ಬರುತ್ತದೆ. ಹೋಗಿ ಬರುವ ಬಾಡಿಗೆ ಯಾರದ್ದು, ಕೊನೆಯ ಲೆಕ್ಕ ಯಾವ ದಿನ? ಇಷ್ಟಕ್ಕೆ ಮೇಸ್ತ್ರಿಯ ಒಂದು ಸಹಿ. ಆಮೇಲೆ ದಿನಾ ಸಂಜೆಯ ತೂಕ. ಬರೆಯಲು ಬಾರದಿದ್ದರೆ ಮೊಬೈಲಿನಲ್ಲಿ ತಕ್ಕಡಿಯ ಫೋಟೊ ತೆಗೆದರೂ ಆಯಿತು. ವಾರಕ್ಕೊಮ್ಮೆ ರೈಟರ ಪುಸ್ತಕದ ಜೊತೆ ತಾಳೆ ನೋಡಿದರೆ ಕೊನೆಯಲ್ಲಿ ಜಗಳ ಇರುವುದಿಲ್ಲ.

ಮಕ್ಕಳ ವಿಷಯ ಬರೆಯದೆ ಮುಗಿಸಲಾರೆ. ನವೆಂಬರ್ ಬಂದರೆ ಬೆಳಗಿನ ತರಗತಿಯ ಬೆಂಚು ಖಾಲಿಯಾಗುತ್ತದೆ. ಮದ್ರಸಕ್ಕೆ ಒಂದು ದಾರಿ ಇದೆ. 1951ರಲ್ಲಿ ಶುರುವಾದ ಸಮಸ್ತ ವಿದ್ಯಾಭ್ಯಾಸ ಬೋರ್ಡಿನ ಪಠ್ಯ ನಡೆಸುವ ಮದ್ರಸ ಮಲೆನಾಡಿನಲ್ಲಿಯೂ ಇವೆ, ಇಲ್ಲಿ ಬಿಟ್ಟ ಪಾಠವನ್ನು ಅಲ್ಲಿ ಮುಂದುವರಿಸಬಹುದು. ಹೊರಡುವಾಗ ಒಂದು ಚೀಟಿ ಬರೆಸಿಕೊಂಡು ಹೋದರೆ ಸಾಕು. ಶಾಲೆ ಹಾಗಲ್ಲ. ಅದರಲ್ಲೂ ಹತ್ತನೆಯ ತರಗತಿಯ ಮಗುವನ್ನು ಎಸ್ಟೇಟಿಗೆ ಕರೆದುಕೊಂಡು ಹೋದರೆ ಆ ವರ್ಷ ಮುಗಿದ ಹಾಗೆಯೇ, ಪರೀಕ್ಷೆ ಬರುವುದು ಕೊಯ್ಲು ಮುಗಿಯುವ ಹೊತ್ತಿಗೆ. ಅಜ್ಜಿ ಮನೆಯಲ್ಲಿ ಬಿಡಿ, ಹಾಸ್ಟೆಲಿಗೆ ಸೇರಿಸಿ, ನೆಂಟರನ್ನು ಕೇಳಿ. ಅಕ್ಕಿಯ ಚಿಂತೆ ಬೇಡ, ರೇಷನ್ ಈಗ ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಒತ್ತಿ ಪಡೆಯಬಹುದು. ಮನೆಯವರು ಮೂಡಿಗೆರೆಯಲ್ಲಿದ್ದರೂ ಅಲ್ಲಿಯೇ ಸಿಗುತ್ತದೆ.

ಸೀಸನ್ ದುಡಿಮೆಯಲ್ಲಿ ಮಕ್ಕಳಿಗೆ ಪೆಟ್ಟು ಬೀಳುವುದು ನಮ್ಮಲ್ಲಿ ಮಾತ್ರ ಅಲ್ಲ. ಸ್ವಿಟ್ಜರ್ಲೆಂಡ್ ಎಂದರೆ ನಾವು ಸಿನಿಮಾ ಹಾಡಿನ ಹಿಮ ನೆನೆಯುತ್ತೇವೆ. ಅಲ್ಲಿನ ಹೋಟೆಲ್, ರಸ್ತೆ, ಅಣೆಕಟ್ಟು ಕಟ್ಟಿದವರಲ್ಲಿ ಇಟಲಿ, ಸ್ಪೇನ್‌ನ ಸೀಸನ್ ಕೂಲಿಗಳು ಬಹಳ. ವರ್ಷಕ್ಕೆ ಒಂಬತ್ತು ತಿಂಗಳು ದುಡಿದು ವಾಪಸ್ ಹೋಗಬೇಕು, ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ ಎಂಬುದು ಕಾನೂನು. ಆದರೂ ಬಿಟ್ಟಿರಲಾರದೆ ಕೆಲವರು ಮಕ್ಕಳನ್ನು ಕದ್ದು ಕರೆತಂದರು. ಆ ಮಕ್ಕಳು ಹಗಲಿಡೀ ಬಾಗಿಲು ಹಾಕಿದ ಕೋಣೆಯಲ್ಲಿ ಸದ್ದು ಮಾಡದೆ ಇರಬೇಕಾಗಿತ್ತು. ಶಾಲೆ ಇಲ್ಲ, ಆಟ ಇಲ್ಲ. ‘ಕಪಾಟಿನ ಮಕ್ಕಳು’ ಎಂದು ಅವರಿಗೆ ಹೆಸರೇ ಬಿತ್ತು. ಆ ಸೀಸನ್ ಪರವಾನಗಿ ಪದ್ಧತಿ ರದ್ದಾದದ್ದು 2002ರಲ್ಲಿ.

ಈ ದೇಶದ ಹೆಸರು ಎತ್ತಲು ಇನ್ನೊಂದು ಕಾರಣವೂ ಇದೆ. ಪಿಯುಸಿ ಮುಗಿಸಿದ ಹುಡುಗರು ಈಗ ಮೊಬೈಲಿನಲ್ಲಿ ಜಾಹೀರಾತು ತೋರಿಸುತ್ತಾರೆ: ಆಲ್ಪ್ಸ್ ಬೆಟ್ಟದ ಊರಿನ ಹೋಟೆಲಿನಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕೆಲಸ, ಪಾತ್ರೆ ತೊಳೆಯುವುದು, ರೂಮು ಕ್ಲೀನಿಂಗ್, ಊಟ ವಸತಿ ಫ್ರೀ, ಮೊದಲು ಇಷ್ಟು ಲಕ್ಷ ಕಟ್ಟಿ. ಅಂಥ ಕೆಲಸ ಅಲ್ಲಿ ಇರುವುದು ನಿಜ. ಹಿಮದ ಮೇಲೆ ಜಾರುವ ಆಟಕ್ಕೆ ಜನ ಬರುವ ನಾಲ್ಕೈದು ತಿಂಗಳು ಆ ಊರುಗಳಿಗೆ ಕೈಗಳು ಬೇಕು. ಆದರೆ ಹೆಚ್ಚಾಗಿ ಸೇರಿಕೊಳ್ಳುವುದು ಯೂರೋಪಿನವರೇ. ಸ್ವಿಟ್ಜರ್ಲೆಂಡ್ ಹೊರಗಿನವರಿಗೆ ಪರವಾನಗಿ ಕೊಡುವುದು ಹೆಚ್ಚು ಓದಿದ, ಕೌಶಲವಿರುವ ಕೆಲವರಿಗೆ, ಅದೂ ಮಿತಿ ಇಟ್ಟು. ಆಸ್ಟ್ರಿಯಾ, ಇಟಲಿ, ಫ್ರಾನ್ಸ್‌ನಲ್ಲಿ ಸೀಸನ್ ಪರವಾನಗಿ ಇದೆ. ಯೂರೋಪಿಯನ್ ಒಕ್ಕೂಟ ಅದಕ್ಕೆ 2014ರಲ್ಲಿ ನಿಯಮವನ್ನೂ ಮಾಡಿದೆ. ಮೊದಲು ಅಲ್ಲಿನ ಮಾಲೀಕನ ಕೆಲಸದ ಕರಾರು, ಆಮೇಲೆ ವೀಸಾ. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕಿ ಎಂದವನು ಸುಳ್ಳು ಹೇಳುತ್ತಿದ್ದಾನೆ, ಆ ವೀಸಾದಲ್ಲಿ ಒಂದು ತಟ್ಟೆ ತೊಳೆದರೂ ಅಲ್ಲಿ ಅದು ಅಪರಾಧ.

ನಮ್ಮ ದೇಶದಲ್ಲಿ ವಿದೇಶಕ್ಕೆ ಆಳು ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಅವನ ಹೆಸರು ಇದೆಯಾ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಇಷ್ಟು ಲಕ್ಷ ಎನ್ನುವವನ ಜೊತೆ ಮಾತು ಅಲ್ಲಿಗೇ ನಿಲ್ಲಿಸಬಹುದು. ಹತ್ತನೆಯ ತರಗತಿಯ ಮಾತು ಮತ್ತೆ ಇಲ್ಲಿ ಬರುತ್ತದೆ: ಎಸ್ಸೆಸ್ಸೆಲ್ಸಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಮುದ್ರೆ ಬೇಕಾಗುವುದಿಲ್ಲ. ಪಾಸಾಗದವರು ಸೌದಿ, ದುಬೈ ಮುಂತಾದ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗಲು ಅನುಮತಿಗೆ ಅಲೆಯಬೇಕು. ಎಸ್ಟೇಟಿನಲ್ಲಿ ಒಂದು ಸೀಸನ್ ಹಣ್ಣು ಕಿತ್ತು ತಂದ ಕೂಲಿಗೆ ಹುಡುಗ ಕೊಡುವ ಬೆಲೆ ಇದು.

ಇನ್ನು ಎರಡು ಸಣ್ಣ ಕೆಲಸ, ಎರಡೂ ಊರು ಬಿಡುವ ಮೊದಲೇ ಆಗಬೇಕು. ಒಂದು ಇ-ಶ್ರಮ ಕಾರ್ಡ್, 16ರಿಂದ 59 ವರ್ಷದೊಳಗಿನ ಕೂಲಿಯವರಿಗೆ, ಸ್ವಂತ ಮೊಬೈಲಿನಲ್ಲೇ ಮಾಡಿಕೊಂಡರೆ ಖರ್ಚಿಲ್ಲ. ಇನ್ನೊಂದು ಬ್ಯಾಂಕಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ. 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ವಿಮೆಯ ಬಗ್ಗೆ ಮಸ್‌ಅಲಾ ಇರುವವರು ತಮ್ಮ ಊರಿನ ಖತೀಬರಲ್ಲಿ ಕೇಳಿಕೊಳ್ಳಲಿ, ನಾನು ಇಲ್ಲಿ ಮಾಹಿತಿ ಮಾತ್ರ ಹೇಳುತ್ತಿದ್ದೇನೆ. ಇದರ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಮೇ ಕೊನೆಗೆ ಖಾತೆಯಲ್ಲಿ ಆ 20 ರೂಪಾಯಿ ಇಲ್ಲದಿದ್ದರೆ ಮುಂದಿನ ಕಾಫಿ ಸೀಸನ್ನಿನಲ್ಲಿ ಏಣಿ ಹತ್ತುವಾಗ ವಿಮೆ ಇರುವುದಿಲ್ಲ.